ಹೃದಯಕ್ಕೆ ಎಷ್ಟು ಮಾರ್ಕ್ಸು?

ರಾತ್ರಿ ನನಗೆ ನಿದ್ದೆ ಬಂದಿತ್ತೋ ಇಲ್ಲವೋ ಎಂಬುದನ್ನು ಈಗ ನಾನು ಬೆಳಿಗ್ಗೆ ಎದ್ದು ಫೋನು ನೋಡಿ ತಿಳಿದುಕೊಳ್ಳುತ್ತೇನೆ. ಹೇಳಿಕೊಳ್ಳಲು ಸ್ವಲ್ಪ ನಾಚಿಕೆಯಾಗುತ್ತದೆ. ಐವತ್ತಾರು ವರ್ಷ ಯಾರನ್ನೂ ಕೇಳದೆ ಮಲಗಿ, ಯಾರನ್ನೂ ಕೇಳದೆ ಎದ್ದವಳು ನಾನು. ಎದ್ದಾಗ ಮೈ ಹಗುರವಾಗಿದ್ದರೆ ನಿದ್ದೆ ಬಂದಿತ್ತು, ಹಾಲಿನವನ ಮೇಲೆ ರೇಗಿದರೆ ಬಂದಿರಲಿಲ್ಲ. ಲೆಕ್ಕ ಅಷ್ಟು ಸರಳವಾಗಿತ್ತು. ಮೊನ್ನೆ ಒಂದು ದಿನ, ಎಂಥ ಸೊಗಸಾದ ನಿದ್ದೆ ಎಂದುಕೊಳ್ಳುತ್ತಲೇ ಎದ್ದೆ. ಫೋನು ನೋಡಿದರೆ ನಿಮ್ಮ ನಿದ್ದೆ ಸಾಲದು, ಇವತ್ತು ಹುಷಾರಾಗಿರಿ ಎಂದಿತ್ತು. ಆ ಕ್ಷಣದಿಂದಲೇ ಸುಸ್ತು ಶುರುವಾಯಿತು. ಮಧ್ಯಾಹ್ನದ ಹೊತ್ತಿಗೆ ಆಕಳಿಕೆ ತಡೆಯಲಾರದೆ ಮಲಗಿಬಿಟ್ಟೆ.

ಇದಕ್ಕೆಲ್ಲ ಕಾರಣ ನನ್ನ ಎಡಗೈಯಲ್ಲಿರುವ, ಮೈಯ ಸುದ್ದಿಯನ್ನೆಲ್ಲ ಫೋನಿಗೆ ಒಪ್ಪಿಸುವ ಸ್ಮಾರ್ಟ್ ಗಡಿಯಾರ. ಅದು ನನ್ನದಲ್ಲ, ನಮ್ಮ ಯಜಮಾನರದು. ಅವರು ರಿಟೈರಾದಾಗ ಆಫೀಸಿನವರು ಕೊಟ್ಟಿದ್ದರು. ಎರಡು ದಿನ ಕಟ್ಟಿಕೊಂಡು ಮಣಿಕಟ್ಟು ಕೆರೆಯುತ್ತದೆಂದು ಬಿಚ್ಚಿಟ್ಟರು. ನಮ್ಮ ಮನೆಯಲ್ಲಿ ಅವರು ಬಿಟ್ಟದ್ದು ನನಗೆ ಬರುತ್ತದೆ. ತಟ್ಟೆಯಲ್ಲಿನ ಕರಿಬೇವು ಒಂದನ್ನು ಬಿಟ್ಟು. ಹಾಗೆ ಬಂದ ಗಡಿಯಾರವನ್ನು ಕಟ್ಟಿಕೊಂಡು ನಾನು ಹಲವು ದಿನ ಬಹಳ ಸಂತೋಷವಾಗಿದ್ದೆ. ನಿಮ್ಮ ವಯಸ್ಸಿಗೆ ನಿಮ್ಮ ಆರೋಗ್ಯ ಅಮೋಘ ಎಂದು ಅದು ದಿನವೂ ಹೊಗಳುತ್ತಿತ್ತು. ಒಂದು ದಿನ ಮಗಳು ಬಂದು ನೋಡಿದಾಗ, ಗಡಿಯಾರದ ಪ್ರಕಾರ ನಾನು ಅರವತ್ತು ದಾಟಿದ, ಹೊಟ್ಟೆಯಿರುವ, ಎತ್ತರದ ಗಂಡಸು ಎಂದು ಗೊತ್ತಾಯಿತು. ಅವಳು ಎಲ್ಲವನ್ನೂ ಸರಿಮಾಡಿದಳು. ಹೊಗಳಿಕೆ ಅವತ್ತಿಗೇ ನಿಂತುಹೋಯಿತು.

ಈ ಗಡಿಯಾರ ಒಪ್ಪಿಸುವ ಲೆಕ್ಕಗಳಲ್ಲಿ ಒಂದರ ಹೆಸರು ಎಚ್‌ಆರ್‌ವಿ. ಕನ್ನಡದಲ್ಲಿ ಹೃದಯ ಬಡಿತದ ಏರುಪೇರು ಎನ್ನಬಹುದೇನೋ. ಏರುಪೇರು ಎಂದ ಮೇಲೆ ಅದು ಕಮ್ಮಿಯಿದ್ದಷ್ಟೂ ಒಳ್ಳೆಯದು ಎಂದು ನಾನು ತಿಳಿದಿದ್ದೆ. ವಿಷಯ ಉಲ್ಟಾ. ಒಂದು ಬಡಿತಕ್ಕೂ ಇನ್ನೊಂದು ಬಡಿತಕ್ಕೂ ನಡುವಿನ ಬಿಡುವು ಯಾವಾಗಲೂ ಒಂದೇ ಸಮ ಇರುವುದಿಲ್ಲವಂತೆ. ಉಸಿರು ಒಳಗೆಳೆದಾಗ ಹೃದಯ ಒಂದಿಷ್ಟು ಚುರುಕಾಗುತ್ತದೆ, ಬಿಟ್ಟಾಗ ನಿಧಾನವಾಗುತ್ತದೆ. ವ್ಯತ್ಯಾಸ ಕಣ್ಣೆವೆ ಮಿಟುಕಿಸುವುದಕ್ಕಿಂತ ಚಿಕ್ಕದು. ಸೆಕೆಂಡನ್ನು ಸಾವಿರ ಚೂರು ಮಾಡಿ ಅಳೆಯಬೇಕು. ಹಾಯಾಗಿರುವ ಹೃದಯ, ಸಂಜೆ ವಾಕಿಂಗಿಗೆ ಹೊರಟ ಹೆಂಗಸಿನ ಹಾಗೆ, ಒಂದು ಗೇಟಿನ ಮುಂದೆ ನಿಂತು, ಒಂದು ಹೂವಿನ ಗಿಡ ನೋಡಿ, ಮತ್ತೆ ನಾಲ್ಕು ಹೆಜ್ಜೆ ಬೇಗ ಬೇಗ ಹಾಕಿ ಹೋಗುತ್ತದೆ. ಮೈಗೆ ಜ್ವರ ಬಂದರೆ, ಮನಸ್ಸಿಗೆ ಭಯವಾದರೆ, ಅದೇ ಹೃದಯ ಬಸ್ಸು ಹಿಡಿಯಲು ಓಡುವವಳಂತೆ ಅತ್ತಿತ್ತ ನೋಡದೆ ಒಂದೇ ಸಮ ನಡೆಯುತ್ತದೆ. ಆಗ ಈ ಅಂಕಿ ಇಳಿಯುತ್ತದೆ. ನನ್ನದು ಮಾಮೂಲಿಯಾಗಿ ನಲವತ್ತೈದರ ಆಸುಪಾಸು ಇರುತ್ತಿತ್ತು.

ಒಂದು ಬೆಳಿಗ್ಗೆ ಅದು ಇಪ್ಪತ್ತೆಂಟಾಗಿತ್ತು. ನನಗೆ ಏನೂ ಆಗಿರಲಿಲ್ಲ. ಹಿಂದಿನ ಸಂಜೆ ಹಲಸಿನ ಹಣ್ಣು ಕೈತಡೆಯಿಲ್ಲದೆ ತಿಂದಿದ್ದೆ, ಅದರ ಮೇಲೆ ಹಾಕಿದೆ. ಮಾರನೆಯ ದಿನ ಮೈಕೈ ನೋವು, ಗಂಟಲಲ್ಲಿ ಮರಳು, ಸಂಜೆಗೆ ಜ್ವರ. ನಮ್ಮ ಗಂಗಾನಗರದಲ್ಲಿ ಆಗ ಎಲ್ಲರ ಮನೆಯಲ್ಲೂ ಇದೇ ಕಥೆ. ಕೆಮ್ಮಿದವರನ್ನು ಯಾರಾದರೂ ಕೇಳಿದರೆ ವೈರಲ್ ಕಣ್ರೀ ಎಂದು ಹೇಳಿ ಮುಂದಕ್ಕೆ ಹೋಗುತ್ತಿದ್ದರು. ವೈರಲ್ ಎಂಬುದು ಬೆಂಗಳೂರಿನಲ್ಲಿ ರೋಗದ ಹೆಸರಲ್ಲ, ಋತುವಿನ ಹೆಸರು. ನನಗೆ ಬೇಜಾರಾದದ್ದು ಜ್ವರ ಬಂದದ್ದಕ್ಕಲ್ಲ. ನನಗಿಂತ ಒಂದು ದಿನ ಮುಂಚೆಯೇ ಗಡಿಯಾರಕ್ಕೆ ಗೊತ್ತಾಗಿತ್ತಲ್ಲ, ಅದಕ್ಕೆ. ನನ್ನ ಮೈಯ ಸುದ್ದಿ ನನಗೆ ಬರುವುದಕ್ಕೆ ಮೊದಲು ಬೇರೆಯವರಿಗೆ ಹೋಗುವುದು ಮದುವೆಯಾದ ಹೊಸತರಲ್ಲಿ ಅತ್ತೆಯ ಮನೆಯಲ್ಲಿ ನಡೆಯುತ್ತಿತ್ತು. ಈಗ ಮತ್ತೆ ಶುರುವಾಯಿತು.

ಬೇರೆ ಸಮಯದಲ್ಲಾದರೆ ಜ್ವರವನ್ನು ನಾನು ಸ್ವಾಗತಿಸುತ್ತಿದ್ದೆ. ಬಿಸಿ ಗಂಜಿ, ಮೆಣಸಿನ ಸಾರು, ನೋಡಲು ಬಂದವರು ತರುವ ಬ್ರೆಡ್ಡು ಮತ್ತು ಮೋಸಂಬಿ, ಯಜಮಾನರ ಕೈಯ ಕಾಫಿ. ಆದರೆ ಆ ಭಾನುವಾರ ಬಾಗಲಗುಂಟೆಯವರೊಡನೆ ನಮ್ಮ ಥ್ರೋಬಾಲ್ ಪಂದ್ಯವಿತ್ತು.

ನಗಬೇಡಿ. ನಮ್ಮ ಪಾರ್ಕಿನ ಪಕ್ಕದ ಅಂಗಳದಲ್ಲಿ ಬಲೆ ಕಟ್ಟಿ, ಐವತ್ತು ದಾಟಿದ ಹೆಂಗಸರು ಚೂಡಿದಾರದ ವೇಲನ್ನು ಸೊಂಟಕ್ಕೆ ಬಿಗಿದುಕೊಂಡು ಆಡುವ ಆಟವನ್ನು ನೋಡದವರಿಗೆ ಉತ್ತರ ಬೆಂಗಳೂರು ಗೊತ್ತಿಲ್ಲ. ನಮ್ಮ ಕ್ಯಾಪ್ಟನ್ ನಸೀಮಾ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಅವಳೂ ನಾನೂ ಪಕ್ಕಪಕ್ಕದ ಕುರ್ಚಿಯ ಆಪರೇಟರುಗಳಾಗಿದ್ದವರು. ಕಿವಿಯ ಮೇಲಿನ ಹೆಡ್‌ಫೋನು ಹೋಗಿ ಎಷ್ಟೋ ಕಾಲವಾದರೂ ಸ್ನೇಹ ಉಳಿದಿದೆ. ಅವಳ ಮನೆ ನಮ್ಮಿಂದ ಎರಡು ರಸ್ತೆ ಆಚೆ, ಆರ್.ಟಿ. ನಗರದ ಕಡೆಗೆ. ಮನೆಯಲ್ಲಿ ದಖನಿ ಉರ್ದು ಮಾತಾಡುತ್ತಾಳೆ, ನನ್ನೊಡನೆ ಕನ್ನಡ, ಎದುರು ತಂಡದೊಡನೆ ಯಾವ ಊರಿನದೂ ಅಲ್ಲದ ಒಂದು ಭಾಷೆ. ಅವಳ ಬಲಮಂಡಿ ಸವೆದುಹೋಗಿದೆ. ಓಡುವುದಿಲ್ಲ, ಹಿಂದಿನ ಸಾಲಿನ ನಡುವೆ ನಿಂತು ಬಂದ ಚೆಂಡನ್ನು ಹಿಡಿದು ಎಸೆಯುತ್ತಾಳೆ. ಆ ಎಸೆತಕ್ಕೆ ಬಾಗಲಗುಂಟೆಯ ಎತ್ತರದ ಹೆಂಗಸರೂ ಪಕ್ಕಕ್ಕೆ ಸರಿಯುತ್ತಾರೆ. ಭಾನುವಾರದ ಪಂದ್ಯ ಮುಗಿದ ಕೆಲವೇ ದಿನಕ್ಕೆ ಅವಳ ಮಂಡಿ ಬದಲಿಸುವ ಆಪರೇಶನ್ ನಿಗದಿಯಾಗಿತ್ತು. ಹೊಸ ಮಂಡಿಗೆ ಗ್ಯಾರಂಟಿ ಕಾರ್ಡು ಕೊಡುತ್ತಾರಾ ಎಂದು ಡಾಕ್ಟರನ್ನು ಕೇಳಿದೆ ಎಂದು ಹೇಳಿ ಇಡೀ ತಂಡವನ್ನು ನಗಿಸಿದ್ದಳು. ಆಪರೇಶನ್ ಆಯಿತೆಂದರೆ ಅಲ್ಲಿಗೆ ಅವಳ ಆಟ ಮುಗಿಯಿತು. ಅವಳ ಕೊನೆಯ ಪಂದ್ಯದಲ್ಲಿ ಅವಳ ಪಕ್ಕದಲ್ಲಿ ನಾನು ನಿಲ್ಲಲೇಬೇಕಿತ್ತು. ನನಗೆ ಬೇಕಾಗಿದ್ದದ್ದು ಅಷ್ಟೇ.

ಅದಕ್ಕೆ ಅಡ್ಡ ಬಂದವಳು ನಮ್ಮಕ್ಕ.

ಅಕ್ಕ ನಮ್ಮ ಮನೆಯ ಮೇಲಿನ ಮಹಡಿಯಲ್ಲಿದ್ದಾಳೆ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು, ಹೆಡ್‌ಮಿಸ್ಸಾಗಿ ರಿಟೈರಾದವಳು. ಅಮ್ಮ ಹೋದ ಮೇಲೆ ನನ್ನ ಜ್ವರಗಳೆಲ್ಲ ಅವಳ ಸುಪರ್ದಿಗೆ ಬಂದಿವೆ. ನನಗೆ ಬಂದ ಗಡಿಯಾರದ ಮೇಲೆ ಅವಳಿಗೆ ಮೊದಲಿನಿಂದಲೂ ಅಪಾರ ಗೌರವ. ಅಂಕಿಯಲ್ಲಿ ಮಾತಾಡುವ ಯಾವುದನ್ನಾದರೂ ಅವಳು ನಂಬುತ್ತಾಳೆ. ಜ್ವರದ ಮೊದಲ ಬೆಳಿಗ್ಗೆ ಪೂಜೆ ಮುಗಿಸಿ ಕೆಳಗಿಳಿದು ಬಂದವಳು ನನ್ನ ಹಣೆ ಮುಟ್ಟಲಿಲ್ಲ, ಫೋನು ತೆಗೆದುಕೊಂಡಳು. ಎಚ್‌ಆರ್‌ವಿಯ ಮುಂದೆ ಹದಿನೆಂಟು ಎಂದಿತ್ತು. ಕನ್ನಡಕ ಏರಿಸಿ, ಇಳಿಸಿ, ಮತ್ತೆ ನೋಡಿ, ಅವಳು ಕೇಳಿದ ಪ್ರಶ್ನೆ ಒಂದೇ.

"ಹದಿನೆಂಟಾ? ನೂರಕ್ಕಾ?"

ಅದು ನೂರಕ್ಕಲ್ಲ, ಯಾವುದಕ್ಕೂ ಅಲ್ಲ, ಬರೀ ಸೆಕೆಂಡಿನ ಚೂರುಗಳು ಎಂದು ವಿವರಿಸುವ ಶಕ್ತಿ ನನಗಿರಲಿಲ್ಲ. ಹೂಂ ಎಂದುಬಿಟ್ಟೆ. ಆ ಒಂದು ಹೂಂನಿಂದ ನನ್ನ ಭವಿಷ್ಯ ನಿರ್ಧಾರವಾಯಿತು. ನಮ್ಮ ನಾಡಿನಲ್ಲಿ ಹತ್ತನೇ ಕ್ಲಾಸು ಬರೆದ ಯಾರಿಗೂ ಮೂವತ್ತೈದು ಎಂದರೇನು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಪಾಸಾಗಲು ನೂರಕ್ಕೆ ಅಷ್ಟು ಬರಬೇಕು. ಅದರ ಆಚೆಗಿರುವವರು ಸಿಹಿ ಹಂಚುತ್ತಾರೆ, ಈಚೆಗಿರುವವರು ಊಟ ಬಿಡುತ್ತಾರೆ. ಹೃದಯಕ್ಕೂ ಅದೇ ನಿಯಮ ಎಂದು ಅಕ್ಕ ನಿಂತ ನಿಲುವಿನಲ್ಲೇ ಘೋಷಿಸಿದಳು: ಮೂವತ್ತೈದು ಬರುವ ತನಕ ನಾನು ಗೇಟು ದಾಟುವಂತಿಲ್ಲ, ಥ್ರೋಬಾಲಿನ ಮಾತೆತ್ತುವಂತಿಲ್ಲ. ನಮ್ಮ ಯಜಮಾನರು ಪೇಪರಿನ ಹಿಂದಿನಿಂದ, ಅದು ನ್ಯಾಯವಾದ ಮಾತು ಎಂದರು. ಅವರು ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಸರಿಯಾಗಿ ಮೂವತ್ತೈದೇ ತೆಗೆದು ಪಾಸಾದವರು.

ಅಂದಿನಿಂದ ನಾನು ಪರೀಕ್ಷೆಗೆ ಓದುವವಳಂತೆ ಮಲಗತೊಡಗಿದೆ. ಇದು ಎಂಥ ಕಷ್ಟದ ಕೆಲಸ ಎಂದು ಮಾಡಿ ನೋಡಿದವರಿಗೇ ಗೊತ್ತು. ಬೇರೆ ಪರೀಕ್ಷೆಯಲ್ಲಿ ಎಚ್ಚರವಾಗಿದ್ದು ಏನಾದರೂ ಮಾಡಬಹುದು. ಇಲ್ಲಿ ಉತ್ತರ ಬರೆಯುವ ಹೊತ್ತಿಗೆ ನಾವೇ ಇರುವುದಿಲ್ಲ. ಕಾಫಿ ಬಿಟ್ಟೆ. ರಾತ್ರಿಯ ಸೀರಿಯಲ್ಲು ಬಿಟ್ಟೆ. ನಿಧಾನವಾಗಿ ಉಸಿರಾಡಿದರೆ ಅಂಕಿ ಏರುತ್ತದೆ ಎಂದು ಮಗಳು ಹೇಳಿದ್ದಕ್ಕೆ ನಿಧಾನವಾಗಿ ಉಸಿರಾಡಲು ಹೋಗಿ ಕೆಮ್ಮು ಬಂತು. ಕೆಮ್ಮಿದ್ದರಿಂದ ಎಲ್ಲಿ ಅಂಕಿ ಇಳಿಯಿತೋ ಎಂದು ಗಾಬರಿಯಾಯಿತು. ಗಾಬರಿಯಾದರೂ ಇಳಿಯುತ್ತದೆಂದು ನೆನಪಾಗಿ ಇನ್ನಷ್ಟು ಗಾಬರಿಯಾಯಿತು. ಜ್ವರ ಬೇಗ ಇಳಿಯಿತು. ನನ್ನ ಅಂಕಿ ಮಾತ್ರ ಇಪ್ಪತ್ತು, ಇಪ್ಪತ್ಮೂರು ಎಂದು ತೆವಳುತ್ತಿತ್ತು. ಅಕ್ಕ ಬೆಳಿಗ್ಗೆ ಬಂದು ನೋಡಿ, ಇನ್ನೂ ಪ್ರಯತ್ನ ಸಾಲದು ಎಂದು ಹೇಳಿ ಮೇಲೆ ಹೋಗುತ್ತಿದ್ದಳು. ಅವಳ ಶಾಲೆಯ ಹುಡುಗಿಯರ ಬಗ್ಗೆ ನನಗೆ ಆಗ ಬಹಳ ಮರುಕ ಹುಟ್ಟಿತು.

ಗುರುವಾರ ಸಂಜೆ ನಸೀಮಾ ಬಂದಳು. ಕೈಯಲ್ಲಿ ಒಂದು ಡಬ್ಬಿ ಹರೀರಾ. ರವೆ, ಬಾದಾಮಿ, ಹಾಲು ಹಾಕಿ ಅವರ ಮನೆಯಲ್ಲಿ ಕಾಯಿಲೆಯವರಿಗೆ ಮಾಡುವ ಗಂಜಿ ಅದು. ಕಾಯಿಲೆ ಇಲ್ಲದವರೂ ಅದಕ್ಕಾಗಿ ಕಾಯಿಲೆ ಬೀಳಬಹುದು, ಅಷ್ಟು ರುಚಿ. ನನ್ನ ಸೋಂಕು ತಗಲದಿರಲೆಂದು ಅವಳು ವರಾಂಡದಲ್ಲೂ ನಾನು ಕಿಟಕಿಯ ಒಳಗೂ ಕೂತು ಮಾತಾಡಿದೆವು. ಅವಳಜ್ಜ ಯುನಾನಿ ಹಕೀಮರು. ರೋಗಿಯ ನಾಡಿ ಹಿಡಿದು ಇದು ಜಿಂಕೆಯ ಹಾಗೆ ಎಗರುತ್ತಿದೆ, ಇದು ಇರುವೆಯ ಹಾಗೆ ಹರಿಯುತ್ತಿದೆ, ಇದು ಅಲೆಯ ಹಾಗಿದೆ ಎಂದು ಹೇಳುತ್ತಿದ್ದರಂತೆ. ನಮ್ಮ ಕಡೆಯ ವೈದ್ಯರಿಗೂ ಅಲ್ಲೊಂದು ಕಾಡೇ ಕಾಣುತ್ತಿತ್ತು. ಮೂರು ಬೆರಳು ಇಟ್ಟು, ವಾತವಾದರೆ ಹಾವಿನ ನಡೆ, ಪಿತ್ತವಾದರೆ ಕಪ್ಪೆಯ ನೆಗೆತ, ಕಫವಾದರೆ ಹಂಸದ ನಡಿಗೆ ಎನ್ನುತ್ತಿದ್ದರು. ಹೃದಯ ಒಂದೇ ಸಮ ಬಡಿಯುವುದಿಲ್ಲ ಎಂದು ಅವರೆಲ್ಲರಿಗೂ ಬರಿಗೈಯಲ್ಲೇ ಗೊತ್ತಿತ್ತು. ಹಾವು, ಕಪ್ಪೆ, ಹಂಸ, ಜಿಂಕೆ, ಇರುವೆಗಳಿದ್ದ ಜಾಗದಲ್ಲಿ ಈಗ ಒಂದು ಅಂಕಿ ಬಂದು ಕೂತಿದೆ. ಹಂಸದ ನಡಿಗೆ ಎಂದಿದ್ದರೆ ಅಕ್ಕ ನನ್ನನ್ನು ಯಾವ ಲೆಕ್ಕದಲ್ಲಿ ಫೇಲು ಮಾಡುತ್ತಿದ್ದಳು?

ಅಂಕಿಯ ಕಷ್ಟವನ್ನು ನಸೀಮಾಗೆ ತೋಡಿಕೊಂಡೆ. ಅವಳು ಹೆಚ್ಚು ಯೋಚಿಸಲಿಲ್ಲ.

"ಅದಕ್ಕೇನ್ ಗೊತ್ತು ಯಾರ ಕೈ ಅಂತ? ಕೊಡಿಲ್ಲಿ. ಇವತ್ತು ನಾನ್ ಕಟ್ಕೊಂಡ್ ಮಲ್ಕೋತೀನಿ."

ಪರೀಕ್ಷೆಗೆ ಬೇರೆಯವರನ್ನು ಕೂರಿಸುವುದು ಕೇಳಿದ್ದೆ, ಮಲಗಿಸುವುದು ಕೇಳಿರಲಿಲ್ಲ. ಆದರೆ ಅವಳು ಗಟ್ಟಿ ಹೆಂಗಸು, ಜ್ವರವಿಲ್ಲ, ನಾಲ್ಕು ಜನರ ಎಸೆತ ಒಬ್ಬಳೇ ಎಸೆಯುತ್ತಾಳೆ. ಅವಳ ಹೃದಯ ಡಿಸ್ಟಿಂಕ್ಷನ್ನಿಗೆ ಕಮ್ಮಿ ತೆಗೆಯುವುದಿಲ್ಲ ಎಂದು ನನಗೆ ನಂಬಿಕೆಯಿತ್ತು. ಗಡಿಯಾರಕ್ಕೆ ಸ್ಯಾನಿಟೈಸರ್ ಹಚ್ಚಿ, ಒರೆಸಿ, ಕಿಟಕಿಯ ಸರಳಿನ ನಡುವೆ ದಾಟಿಸಿದೆ. ಅವಳು ಹೇಗೂ ಬೆಳಗಿನ ನಮಾಜಿಗೆ ಏಳುವವಳು. ಅಕ್ಕ ಕೆಳಗಿಳಿಯುವ ಮೊದಲೇ ಗಡಿಯಾರ ವಾಪಸು ತಂದು ಕಿಟಕಿಯಲ್ಲಿಟ್ಟು ಹೋದಳು. ನಾನದನ್ನು ಕಟ್ಟಿಕೊಂಡು, ಫೋನನ್ನು ಪಕ್ಕದಲ್ಲಿಟ್ಟು, ಫಲಿತಾಂಶದ ದಿನದ ಮಗುವಿನ ಮುಖ ಮಾಡಿಕೊಂಡು ಕಾದೆ.

ಅಕ್ಕ ಬಂದಳು. ಫೋನು ನೋಡಿದಳು. ಅವಳ ಮುಖದಲ್ಲಿ ಅಂಥ ಭಯವನ್ನು ನಾನು ಅಮ್ಮ ಹೋದ ದಿನದ ಮೇಲೆ ನೋಡಿರಲಿಲ್ಲ. ಹದಿನಾಲ್ಕು. ಅದರ ಕೆಳಗೆ, ಇಡೀ ರಾತ್ರಿಯಲ್ಲಿ ನಿದ್ದೆ ಒಂದು ಗಂಟೆಗೂ ಕಮ್ಮಿ. ರಾತ್ರಿಯಿಡೀ ನಾನು ನರಳಿದ್ದೇನೆ, ಮೇಲೆ ಮಲಗಿದ್ದ ತನಗೆ ಕೇಳಿಸಲಿಲ್ಲ ಎಂದು ಅವಳಿಗೆ ಅನ್ನಿಸಿಬಿಟ್ಟಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಯಜಮಾನರು ಆಟೋ ಕರೆದಿದ್ದರು, ಅಕ್ಕ ನನಗೆ ಶಾಲು ಹೊದಿಸಿ ಮಾಸ್ಕ್ ಹಾಕಿ ಗೇಟು ದಾಟಿಸಿದ್ದಳು. ಗೇಟು ದಾಟುವ ಆಸೆ ಹೀಗೆ ನೆರವೇರಿತು.

ಮುಖ್ಯರಸ್ತೆಯ ಕ್ಲಿನಿಕ್ಕಿನ ಡಾಕ್ಟರು ಸಮಾಧಾನದ ಮನುಷ್ಯ. ಎದೆಗೆ ಕೊಳವೆ ಇಟ್ಟು ಕೇಳಿದರು, ಬೆರಳಿಗೆ ಕ್ಲಿಪ್ ಹಾಕಿ ನೋಡಿದರು, ಜ್ವರ ಬಿಟ್ಟಿದೆ, ಎದೆ ಚೆನ್ನಾಗಿದೆ ಎಂದರು. ಅಕ್ಕ ಫೋನನ್ನು ಅವರ ಮುಂದೆ ಹಿಡಿದಳು. ಅವರು ಅಂಕಿಯನ್ನೂ ನನ್ನನ್ನೂ ಒಂದೆರಡು ಸಲ ನೋಡಿ, ರಾತ್ರಿ ನಿಮಗೆ ಯಾಕೆ ನಿದ್ದೆ ಬರಲಿಲ್ಲ ಎಂದು ಕೇಳಿದರು. ಅಕ್ಕ ನನ್ನ ಶಾಲನ್ನು ಇನ್ನೊಂದು ಸುತ್ತು ಬಿಗಿಯಾಗಿ ಹೊದಿಸಿದಳು. ಇನ್ನು ತಡೆಯಲಾಗಲಿಲ್ಲ.

"ನಾನ್ ಚೆನ್ನಾಗೇ ಮಲಗಿದ್ದೆ ಡಾಕ್ಟ್ರೇ. ಇದು ನಾನಲ್ಲ."

ಎಲ್ಲವನ್ನೂ ಹೇಳಿದೆ. ಡಾಕ್ಟರು ನಗು ಮುಗಿಸಲು ಸಮಯ ತೆಗೆದುಕೊಂಡರು. ಆಮೇಲೆ ಅಕ್ಕನಿಗೆ ಬಹಳ ಮರ್ಯಾದೆಯಿಂದ ತಿಳಿಸಿ ಹೇಳಿದರು. ಈ ಅಂಕಿಗೆ ಪಾಸು ಫೇಲು ಇಲ್ಲ. ವಯಸ್ಸಾದಂತೆ ಅದು ಇಳಿಯುತ್ತದೆ, ಒಬ್ಬರಿಂದ ಒಬ್ಬರಿಗೆ ಬೇರೆಯಾಗುತ್ತದೆ, ಒಬ್ಬರದೇ ದಿನದಿಂದ ದಿನಕ್ಕೆ ಬದಲಾಗುತ್ತದೆ. ನೋಡಲೇಬೇಕಿದ್ದರೆ ಅವರವರ ಮಾಮೂಲಿ ಅಂಕಿಯ ಪಕ್ಕದಲ್ಲಿಟ್ಟು ನೋಡಬೇಕು. ಅದೂ ಒಂದು ಸುಳಿವು, ಅಷ್ಟೇ. ಹಣೆ ಮುಟ್ಟಿ ನೋಡುವುದನ್ನು, ಹೇಗಿದ್ದೀಯ ಎಂದು ಕೇಳುವುದನ್ನು ಬಿಡಬಾರದು. ಮೈ ಪೂರ್ತಿ ಚೇತರಿಸಿಕೊಳ್ಳುವ ತನಕ ಓಡಾಟದ ಆಟ ಬೇಡ ಎಂದು ನನಗೂ ಹೇಳಿದರು. ಅಕ್ಕ ಗಂಭೀರವಾಗಿ ಕೇಳಿಸಿಕೊಂಡಳು. ಅವಳ ಇಡೀ ವೃತ್ತಿ ಅಲುಗಾಡುತ್ತಿರುವುದು ನನಗೆ ಕಾಣುತ್ತಿತ್ತು.

"ಒಬ್ಬೊಬ್ಬರಿಗೆ ಒಂದೊಂದು ಪಾಸ್ ಮಾರ್ಕ್ಸ್ ಅಂದ್ರೆ, ಫೇಲ್ ಆಗೋರು ಯಾರು ಡಾಕ್ಟ್ರೇ?" ಎಂದು ಕೇಳಿದಳು. ಡಾಕ್ಟರು ಮುಂದಿನ ರೋಗಿಯನ್ನು ಕರೆದರು.

ವಾಪಸು ಬರುವಾಗ ಆಟೋದಲ್ಲಿ ನಾನು ಬೈಗುಳಕ್ಕೆ ತಯಾರಾಗಿ ಕೂತಿದ್ದೆ. ಪರೀಕ್ಷೆಯಲ್ಲಿ ಮೋಸ ಮಾಡಿದವರನ್ನು ಅಕ್ಕ ಯಾವತ್ತೂ ಬಿಟ್ಟವಳಲ್ಲ. ಅವಳು ಫೋನು ತೆಗೆದು ಆ ಅಂಕಿಯನ್ನು ಮತ್ತೊಮ್ಮೆ ನೋಡಿದಳು.

"ನಸೀಮಾ ಯಾಕೆ ಮಲಗಿಲ್ಲ?" ಎಂದಳು.

ಆ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ಗುಟ್ಟು ಬಯಲಾಯಿತಲ್ಲ ಎಂಬ ಸಂಕಟದಲ್ಲಿ, ಅಕ್ಕನ ಭಯ ನೋಡಿದ ನಾಚಿಕೆಯಲ್ಲಿ, ಆ ಹದಿನಾಲ್ಕು ಯಾರದೋ ಒಬ್ಬರ ನಿಜವಾದ ರಾತ್ರಿ ಎಂಬುದನ್ನೇ ಮರೆತಿದ್ದೆ. ನನಗೆ ನಾಚಿಕೆ ಇನ್ನೂ ಹೆಚ್ಚಾಯಿತು. ಅಕ್ಕ ಆಟೋದವನಿಗೆ ಆರ್.ಟಿ. ನಗರದ ಕಡೆ ತಿರುಗಿಸಲು ಹೇಳಿದಳು.

ನಸೀಮಾ ಮನೆಯ ಮುಂದಿನ ಜಗಲಿಯಲ್ಲಿ ಕೂತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು. ಅಕ್ಕ ಕೇಳಿದ್ದಕ್ಕೆ, ಗಡಿಯಾರದ ಬೆಲ್ಟು ಬಿಗಿಯಾಗಿತ್ತು, ಅದಕ್ಕೇ ನಿದ್ದೆ ಬರಲಿಲ್ಲ ಎಂದಳು ಮೊದಲು. ಆಮೇಲೆ ಸೊಳ್ಳೆ ಎಂದಳು. ಅಕ್ಕ ಎದುರಿಗೆ ಕೂತು ತಾನೂ ಒಂದು ಹಿಡಿ ಸೊಪ್ಪು ತೆಗೆದುಕೊಂಡು ಬಿಡಿಸತೊಡಗಿದಳು. ನಾನು ಗೇಟಿನ ಹತ್ತಿರ ಮಾಸ್ಕ್ ಹಾಕಿಕೊಂಡು ನಿಂತೆ. ನಸೀಮಾ ಸೊಪ್ಪಿನಿಂದ ತಲೆಯೆತ್ತದೆ ನನಗೆ ಹೇಳಿದಳು.

"ಇಂಜೆಕ್ಷನ್ ಕೊಟ್ಟು ಮಲಗಿಸ್ತಾರಲ್ಲ ಪದ್ದು, ಆಮೇಲೆ ನಾನ್ ಏಳ್ಲೇ ಇಲ್ಲ ಅಂದ್ರೆ?"

ತುಂಬಾ ದಿನದಿಂದ ಅವಳಿಗೆ ನಿದ್ದೆಯಿಲ್ಲವಂತೆ. ಕಣ್ಣು ಮುಚ್ಚಿದರೆ ಏಳುವುದೇ ಇಲ್ಲ ಎಂಬ ಯೋಚನೆ ಬರುತ್ತದಂತೆ. ಮನೆಯಲ್ಲಿ ಮಗನಿಗಾಗಲಿ ಸೊಸೆಗಾಗಲಿ ಹೇಳಿರಲಿಲ್ಲ. ಎಲ್ಲರ ಹತ್ತಿರವೂ ಗ್ಯಾರಂಟಿ ಕಾರ್ಡಿನ ತಮಾಷೆ ಮಾಡಿಕೊಂಡು ಓಡಾಡಿ ಆಗಿತ್ತು; ಈಗ ಹೆದರಿಕೆ ಎಂದು ಯಾವ ಮುಖ ಇಟ್ಟುಕೊಂಡು ಹೇಳುವುದು? ಇಷ್ಟು ವರ್ಷ ಪಕ್ಕದ ಕುರ್ಚಿಯಲ್ಲಿ ಕೂತಿದ್ದವಳ ಹೃದಯದ ಸುದ್ದಿ ನನಗೆ ತಿಳಿಯಲು ಒಂದು ಕಳ್ಳ ಪರೀಕ್ಷೆ ಬೇಕಾಯಿತು. ನನಗೆ ಅಳು ಬಂತು, ಮಾಸ್ಕಿನೊಳಗೆ ಅಳುವುದು ಬಹಳ ಕಷ್ಟ.

ಅಕ್ಕ ಆಗ ಹೇಳಿದ್ದು ನನಗೂ ಹೊಸ ಸುದ್ದಿ. ಪಿತ್ತಕೋಶದ ಕಲ್ಲಿನ ಆಪರೇಶನ್ನಿಗೆ ಹೋಗುವ ಮುಂಚೆ ಅವಳು ಬಚ್ಚಲು ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದಳಂತೆ, ನಮಗೆ ಕೇಳಿಸದಿರಲೆಂದು. ನಸೀಮಾ ಸೊಪ್ಪು ಬಿಟ್ಟು ಅವಳನ್ನೇ ನೋಡಿದಳು.

"ಮೇಡಂ, ನೀವಾ?"

"ನಾನೇ ಕಣಮ್ಮ. ಎರಡು ಬಕೆಟ್ ನೀರು ದಂಡ."

ನಸೀಮಾ ನಕ್ಕಳು. ಆಮೇಲೆ ಅತ್ತಳು, ಮತ್ತೆ ನಕ್ಕಳು. ಒಳಗಿನಿಂದ ಸೊಸೆ ಬಂದು ಏನಾಯಿತೆಂದು ಕೇಳಿದಾಗ ಅತ್ತೆಯೇ ಎಲ್ಲವನ್ನೂ ದಖನಿಯಲ್ಲಿ ಹೇಳಿಬಿಟ್ಟಳು. ಆ ಹುಡುಗಿ ಅಲ್ಲೇ ಅತ್ತೆಯ ಪಕ್ಕ ಕೂತು ಅವಳ ಕೈ ಹಿಡಿದುಕೊಂಡಳು. ಸೊಪ್ಪು ಅಂದು ಸರಿಯಾಗಿ ಬಿಡಿಸಿದ್ದು ಅಕ್ಕ ಒಬ್ಬಳೇ.

ಆ ರಾತ್ರಿ ಅಕ್ಕ 'ನಾನೂ ಒಂದ್ಸಲ ನೋಡ್ತೀನಿ' ಎಂದು ಗಡಿಯಾರ ಕಟ್ಟಿಕೊಂಡು ಮೇಲೆ ಹೋದಳು. ಬೆಳಿಗ್ಗೆ ಹತ್ತೊಂಬತ್ತು ಬಂದಿತ್ತು. ಜ್ವರವಿಲ್ಲ, ಕೆಮ್ಮಿಲ್ಲ, ಚೆನ್ನಾಗಿ ನಿದ್ದೆ ಮಾಡಿದ್ದಾಳೆ. ಅವಳ ವಯಸ್ಸಿಗೆ ಅದು ಮಾಮೂಲಿ. ಹುಟ್ಟಿದಾಗಿನಿಂದ ಫಸ್ಟ್ ಕ್ಲಾಸಿಗೆ ಕಮ್ಮಿ ತೆಗೆಯದವಳು ಆ ಅಂಕಿಯನ್ನು ನೋಡುತ್ತಾ ನಿಂತಳು. "ಪೇಪರ್ ಕಷ್ಟ ಇತ್ತು ಅನ್ಸುತ್ತೆ" ಎಂದಳು. ಫೋನು ಕೆಳಗಿಟ್ಟ ಮೇಲೆ, ಮೂವತ್ನಾಲ್ಕು ತೆಗೆದುಕೊಂಡು ಬಂದ ಹುಡುಗಿಯರನ್ನು ಎಷ್ಟು ಬೈದಿದ್ದೇನೆ ಕಣೇ ಎಂದು ಮೆಲ್ಲಗೆ ಹೇಳಿ, ನನಗೆ ಕಾಫಿ ಮಾಡಲು ಅಡಿಗೆ ಮನೆಗೆ ಹೋದಳು.

ಭಾನುವಾರ ಬೆಳಿಗ್ಗೆ ನನ್ನ ಅಂಕಿ ಮೂವತ್ತೇಳು. ಅಕ್ಕನ ಹಳೆಯ ಲೆಕ್ಕದಲ್ಲಿ ಪಾಸು. ಆದರೆ ನನ್ನ ಮಾಮೂಲಿಗೆ ಇನ್ನೂ ದೂರ, ಮೆಟ್ಟಿಲು ಹತ್ತಿದರೆ ಏದುಸಿರು. ಯಾರೂ ತಡೆಯಲಿಲ್ಲ, ನಾನೇ ಆಡುವುದಿಲ್ಲ ಎಂದೆ. ಹೀಗೆ ಹೇಳಲು ಎಷ್ಟು ಕಷ್ಟವಾಯಿತೆಂದು ನಿಮಗೆ ಹೇಳಬೇಕಾಗಿಲ್ಲ. ಥ್ರೋಬಾಲಿಗೆ ಏಳು ಜನ ಬೇಕು, ನಮ್ಮಲ್ಲಿ ಉಳಿದದ್ದು ಆರು. ಬಾಗಲಗುಂಟೆಯವರು ಟೆಂಪೊದಿಂದ ಇಳಿಯುತ್ತಿರುವಾಗ ನಮ್ಮಕ್ಕ ಅಂಗಳಕ್ಕೇ ಬಂದಳು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಾಲಿಗೆ ನಮ್ಮ ಯಜಮಾನರ ವಾಕಿಂಗ್ ಶೂ ಹಾಕಿಕೊಂಡು. ನಿಂತುಕೊಳ್ಳಲು ಜನ ಬೇಕು ತಾನೆ, ನಿಂತುಕೊಳ್ಳುತ್ತೇನೆ ಎಂದಳು.

ನನ್ನ ಜಾಗದಲ್ಲಿ, ನಸೀಮಾಳ ಪಕ್ಕದಲ್ಲಿ, ಅಕ್ಕ ನಿಂತಳು. ಮೊದಲ ಸಲ ಅವಳ ಕಡೆ ಬಂದ ಚೆಂಡನ್ನು ಬಾಣಂತಿ ಮನೆಯಲ್ಲಿ ಮಗು ಎತ್ತಿಕೊಳ್ಳುವ ಹಾಗೆ ಎರಡು ಕೈಯಲ್ಲಿ ಹಿಡಿದು ಎದೆಗೆ ಒತ್ತಿಕೊಂಡಳು, ಎಸೆಯಲು ಮರೆತಳು. ಮೂರು ಸೆಕೆಂಡಿನಲ್ಲಿ ಎಸೆಯಬೇಕು ಎಂದು ಅಂಪೈರು ಸೀಟಿ ಊದಿದಾಗ, ಅದನ್ನು ಮೊದಲೇ ಹೇಳಬೇಕಿತ್ತು ಎಂದು ಅವರಿಗೇ ಪಾಠ ಮಾಡಿದಳು. ಎರಡನೆಯ ಸಲ ಎಸೆದದ್ದು ಎದುರು ಅಂಗಳದ ಖಾಲಿ ಮೂಲೆಯಲ್ಲಿ ಬಿತ್ತು. ನಮ್ಮ ಹೆಂಗಸರು ಕಿರುಚಿದ ಸದ್ದಿಗೆ ಪಾರ್ಕಿನ ಹಕ್ಕಿಗಳೆಲ್ಲ ಮೇಲೆದ್ದವು. ನಸೀಮಾ ಅವತ್ತು ಎಸೆದ ಹಾಗೆ ಯಾವತ್ತೂ ಎಸೆದಿರಲಿಲ್ಲ. ಮಂಡಿಯನ್ನೂ ಇಂಜೆಕ್ಷನ್ನನ್ನೂ ಮರೆತು, ಬಾಯ್ತುಂಬ ನಗುತ್ತಾ, ತನ್ನ ಹೆಸರಿಲ್ಲದ ಭಾಷೆಯಲ್ಲಿ ಎದುರಾಳಿಗಳನ್ನು ಕೆಣಕುತ್ತಾ ಆಡಿದಳು. ನಾವು ಸೋತೆವು, ಎಂದಿನಂತೆ. ಬಾಗಲಗುಂಟೆಯ ಕ್ಯಾಪ್ಟನ್ ಬಂದು ಅವಳನ್ನು ತಬ್ಬಿಕೊಂಡು, ಬೇಗ ವಾಸಿಯಾಗಿ ಬನ್ನಿ, ನಿಮ್ಮನ್ನ ಸೋಲಿಸದೆ ನಮಗೆ ಬೇಜಾರಾಗುತ್ತೆ ಎಂದರು.

ಎಲ್ಲರೂ ಹೋದ ಮೇಲೆ ನಾನು ಕೈಯಿಂದ ಗಡಿಯಾರ ಬಿಚ್ಚಿ ಅವಳ ಮುಂದೆ ಹಿಡಿದೆ. ಆಪರೇಶನ್ ದಿನಗಳಲ್ಲಿ ನಿನ್ನ ಹತ್ತಿರ ಇರಲಿ, ಒಂದು ಧೈರ್ಯ ಎಂದೆ. ಅವಳು ಅದನ್ನು ಮತ್ತೆ ನನ್ನ ಕೈಗೇ ಕಟ್ಟಿದಳು.

"ಗಡಿಯಾರ ಬೇಡ ಕಣೇ. ನೀನ್ ಬಾ."

ಈಗ ನಸೀಮಾಗೆ ಹೊಸ ಮಂಡಿ ಬಂದಿದೆ. ಮೆಟ್ಟಿಲು ಹತ್ತುತ್ತಾಳೆ, ಆಟದ ಅಂಗಳದ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತು ಅಂಪೈರಿಗೆ ನಿಯಮ ಹೇಳಿಕೊಡುತ್ತಾಳೆ. ಆಪರೇಶನ್ನಿನ ಕಥೆಯನ್ನು ಬಂದವರಿಗೆಲ್ಲ ಹೇಳುತ್ತಾಳೆ, ಪ್ರತಿ ಸಲವೂ ಡಾಕ್ಟರ ಸಂಖ್ಯೆ ಒಬ್ಬೊಬ್ಬರಂತೆ ಹೆಚ್ಚಾಗುತ್ತದೆ. ನನಗೆ ನೆನಪಾಗುವುದು ಮಾತ್ರ ಆಪರೇಶನ್ನಿನ ಹಿಂದಿನ ದಿನದ ಮಧ್ಯಾಹ್ನ. ಅಷ್ಟರಲ್ಲಿ ನನ್ನ ಕೆಮ್ಮು ಪೂರ್ತಿ ಹೋಗಿತ್ತು. ಆಸ್ಪತ್ರೆಗೆ ಸೇರಿಸಿ, ಅವಳ ಮಗ ಕಾಗದ ಪತ್ರಗಳಿಗೆಂದು ಕೆಳಗೆ ಹೋಗಿದ್ದ. ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತಿದ್ದ ನನ್ನ ಎಡಗೈಯನ್ನು ಅವಳು ಎರಡು ಕೈಯಲ್ಲಿ ಹಿಡಿದುಕೊಂಡಳು. ಎಕ್ಸ್‌ಚೇಂಜಿನ ಕಾಲದ ಯಾರದೋ ರಾಂಗ್ ನಂಬರಿನ ಕಥೆ ಹೇಳುತ್ತಿದ್ದವಳ ಮಾತು ಮಧ್ಯದಲ್ಲೇ ನಿಂತಿತು. ನೋಡಿದರೆ ನಿದ್ದೆ ಹೋಗಿದ್ದಳು. ಬಾಯಿ ಅರ್ಧ ತೆರೆದು, ಸಣ್ಣಗೆ ಗೊರಕೆ ಹೊಡೆಯುತ್ತಾ.

ಎಷ್ಟೋ ಹೊತ್ತು ಹಾಗೇ ಕೂತೆ. ಬೆನ್ನು ನೋಯಿತು, ಕೈ ಜೋಮು ಹಿಡಿಯಿತು. ಅವಳ ಅಂಗೈಗಳ ಕೆಳಗೆ ಸಿಕ್ಕಿಕೊಂಡಿದ್ದ ಗಡಿಯಾರ ಗುಂಯ್ ಎಂದು ನಡುಗಿ, ಬಹಳ ಹೊತ್ತಿನಿಂದ ಕೂತಿದ್ದೀರಿ, ಎದ್ದು ಸ್ವಲ್ಪ ಓಡಾಡಿ ಎಂದಿತು. ನಾನು ಏಳಲಿಲ್ಲ.